ಸಾದಿ ಕಾರ್ನೋ: ಕಟ್ಟದ ಯಂತ್ರದ ಲೆಕ್ಕ ಬರೆದವನು

ಕಾರಿನ ಹವಾನಿಯಂತ್ರಣ ವ್ಯವಸ್ಥೆಯನ್ನು ರೂಪಿಸುವ ಎಂಜಿನಿಯರುಗಳು ಯಂತ್ರ ಕಟ್ಟುವ ಮುನ್ನ ಕಂಪ್ಯೂಟರಿನಲ್ಲಿ ಅದರ ಮಾದರಿಯನ್ನು ಓಡಿಸಿ ನೋಡುತ್ತಾರೆ. ಅಲ್ಲಿ ಶಕ್ತಿಯ ಉಳಿತಾಯಕ್ಕಿರುವ ಅಂತಿಮ ಮಿತಿಯನ್ನು ತೋರಿಸಿಕೊಟ್ಟವನು, ಕಾರನ್ನೇ ಕಾಣದ ಫ್ರಾನ್ಸಿನ ಸಾದಿ ಕಾರ್ನೋ.

ಕಾರ್ನೋ ಜನಿಸಿದ್ದು 1796ರ ಜೂನ್ 1ರಂದು, ಪ್ಯಾರಿಸಿನಲ್ಲಿ. ತಂದೆ ಲಜಾರ್ ಕಾರ್ನೋ ಸೇನಾ ಎಂಜಿನಿಯರ್, ಗಣಿತಜ್ಞ, ನೆಪೋಲಿಯನ್ನನ ಸಚಿವ. ಪರ್ಷಿಯಾದ ಕವಿ ಸಾದಿಯ ಮೇಲಿನ ಅಭಿಮಾನದಿಂದ ಮಗನಿಗೆ ಆ ಹೆಸರಿಟ್ಟ. ಸಾದಿ 16ನೇ ವಯಸ್ಸಿನಲ್ಲಿ ಎಕೋಲ್ ಪಾಲಿಟೆಕ್ನಿಕ್ ಸೇರಿ, ಬಳಿಕ ಸೇನಾ ಎಂಜಿನಿಯರನಾದ. ನೆಪೋಲಿಯನ್ನನ ಪತನದೊಡನೆ ತಂದೆ ದೇಶಭ್ರಷ್ಟನಾಗಿ, 1823ರಲ್ಲಿ ಮ್ಯಾಗ್ಡೆಬರ್ಗ್ ನಗರದಲ್ಲಿ ನಿಧನ ಹೊಂದಿದ.

ಉಗಿಯಂತ್ರದಲ್ಲಿ ಇಂಗ್ಲೆಂಡ್ ಬಹಳ ಮುಂದಿದ್ದ ಕಾಲವದು. ಆ ಯಂತ್ರದ ದಕ್ಷತೆಗೆ ಕೊನೆಯಿದೆಯೇ ಎಂಬ ಪ್ರಶ್ನೆ ಕಾರ್ನೋನನ್ನು ಕಾಡಿತು. ಘರ್ಷಣೆಯಿಲ್ಲದ, ಉಷ್ಣ ಸೋರದ ಆದರ್ಶ ಯಂತ್ರವೊಂದನ್ನು ಆತ ಮನಸ್ಸಿನಲ್ಲೇ ನಡೆಸಿದ. ದಕ್ಷತೆಯ ಮಿತಿ ನಿಂತಿರುವುದು ಬಿಸಿ ಮತ್ತು ತಂಪು ನೆಲೆಗಳ ಉಷ್ಣತೆಯ ಮೇಲೆ ಮಾತ್ರ ಎಂದು ಕಂಡುಕೊಂಡ. ಯಂತ್ರವನ್ನು ಹಿಮ್ಮುಖವಾಗಿ ನಡೆಸಿದರೆ ತಂಪಿನಿಂದ ಬಿಸಿಯೆಡೆಗೆ ಉಷ್ಣವನ್ನು ಸಾಗಿಸಬಹುದೆಂದೂ ವಿವರಿಸಿದ. ಏರ್ ಕಂಡಿಷನರಿನ ಮೂಲತತ್ತ್ವ ಅದೇ.

1824ರಲ್ಲಿ ಸ್ವಂತ ಖರ್ಚಿನಿಂದ ಅಚ್ಚಾದ 600 ಪ್ರತಿಗಳನ್ನು ಹೆಚ್ಚಿನವರು ಗಮನಿಸಲಿಲ್ಲ. 1832ರ ಆಗಸ್ಟ್ 24ರಂದು, 36ನೇ ವಯಸ್ಸಿನಲ್ಲಿ, ಕಾಲರಾ ಆತನನ್ನು ಬಲಿ ತೆಗೆದುಕೊಂಡಿತು. ಸೋಂಕಿನ ಭಯದಿಂದ ಆತನ ವಸ್ತುಗಳೊಂದಿಗೆ ಬಹುಪಾಲು ಕಾಗದಪತ್ರಗಳನ್ನೂ ನಾಶಪಡಿಸಲಾಯಿತು. 1834ರಲ್ಲಿ ಕ್ಲಾಪೇರಾನ್ ಆ ವಿಚಾರಕ್ಕೆ ಗಣಿತದ ರೂಪ ಕೊಟ್ಟ. ಮುಂದೆ ಕೆಲ್ವಿನ್ ಮತ್ತು ಕ್ಲಾಸಿಯಸ್ ಅದರ ಮೇಲೆ ಉಷ್ಣಬಲವಿಜ್ಞಾನವನ್ನೇ ಕಟ್ಟಿದರು. ಉಷ್ಣವು ಒಂದು ದ್ರವವೆಂಬ ಹಳೆಯ ನಂಬಿಕೆಯ ಮೇಲೆ ಪುಸ್ತಕ ಬರೆದಿದ್ದ ಕಾರ್ನೋ, ನಂತರ ಅದನ್ನು ತಾನೇ ಕೈಬಿಟ್ಟಿದ್ದ. ಇದು ಲೋಕಕ್ಕೆ ತಿಳಿದದ್ದು ಉಳಿದ ಟಿಪ್ಪಣಿಗಳನ್ನು ತಮ್ಮ ಇಪೊಲಿತ್ 1878ರಲ್ಲಿ ಪ್ರಕಟಿಸಿದಾಗ.

ಕಾರಿನ ಎ.ಸಿ.ಯಲ್ಲಿ ಉಷ್ಣ ಹೀರುವ ಸುರುಳಿ 5 ಡಿಗ್ರಿ, ಹೊರಚೆಲ್ಲುವ ಸುರುಳಿ 55 ಡಿಗ್ರಿ ಸೆಲ್ಸಿಯಸ್ ಇದ್ದರೆ, ಕಾರ್ನೋ ನಿಯಮದಂತೆ ಒಂದು ಪಾಲು ಶಕ್ತಿ ಗರಿಷ್ಠ ಐದೂವರೆ ಪಾಲು ಉಷ್ಣವನ್ನು ಹೊರಹಾಕಬಲ್ಲದು. 55ನ್ನು 45ಕ್ಕೆ ಇಳಿಸಿದರೆ ಅದು ಸುಮಾರು ಏಳಕ್ಕೇರುತ್ತದೆ. ನಿಜವಾದ ವ್ಯವಸ್ಥೆಗಳು ಈ ಮಿತಿಗಿಂತ ಬಹಳ ಕೆಳಗಿವೆ. ನಷ್ಟ ಕಂಪ್ರೆಸರಿನಲ್ಲೋ, ಸುರುಳಿಯಲ್ಲೋ, ಫ್ಯಾನಿನಲ್ಲೋ ಎಂಬುದನ್ನು ಸಿಮ್ಯುಲೇಶನ್ ಪತ್ತೆಹಚ್ಚುತ್ತದೆ. ತಂಪಿಗೂ ಓಟಕ್ಕೂ ಒಂದೇ ಬ್ಯಾಟರಿಯನ್ನು ನಂಬಿರುವ ವಿದ್ಯುತ್ ಕಾರಿನಲ್ಲಿ, ಹಾಗೆ ಉಳಿಸಿದ ಶಕ್ತಿಯೆಲ್ಲ ಇನ್ನಷ್ಟು ದೂರದ ಪಯಣವಾಗುತ್ತದೆ.