ನೀರಿನ ನ್ಯಾಯ ಮತ್ತು ಸರ್ ಎಂ. ವಿಶ್ವೇಶ್ವರಯ್ಯನವರು

ಪುಣೆಯಲ್ಲಿ ನೆಲೆಸಿದ ಕನ್ನಡಿಗರಾದ ನಾವು ಪ್ರತಿದಿನ ಖಡಕವಾಸಲೆಯ ನೀರನ್ನು ಕುಡಿಯುತ್ತೇವೆ. ಅಲ್ಲಿದ್ದ ಹಳೆಯ ಕಟ್ಟೆಗೆ 1903ರಲ್ಲಿ ಸ್ವಯಂಚಾಲಿತ ಬಾಗಿಲುಗಳನ್ನು ಜೋಡಿಸಿ, ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲುವಂತೆ ಮಾಡಿದವರು ಕನ್ನಡನಾಡಿನ ಸುಪುತ್ರರಾದ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ವಿಶ್ವೇಶ್ವರಯ್ಯನವರು ಮುದ್ದೇನಹಳ್ಳಿಯಲ್ಲಿ ಜನಿಸಿದರು. ಚಿಕ್ಕ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೇರೆ ಮಕ್ಕಳಿಗೆ ಮನೆಪಾಠ ಹೇಳುತ್ತ ಬೆಂಗಳೂರಿನಲ್ಲಿ ವಿದ್ಯಾಭ್ಯಾಸವನ್ನು ಮುಂದುವರಿಸಿದರು. ಅವರ ಬಾಲ್ಯಕಾಲದಲ್ಲಿಯೇ, 1876ರಿಂದ 1878ರವರೆಗೆ, ಮೈಸೂರು ಸೀಮೆಯನ್ನು ಘೋರ ಕ್ಷಾಮವು ಆವರಿಸಿ ಲಕ್ಷಾಂತರ ಜನರನ್ನು ಬಲಿತೆಗೆದುಕೊಂಡಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಬಂದು ಇಂಜಿನಿಯರಿಂಗ್ ಪದವಿಯನ್ನು ಪಡೆದ ಅವರು 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು.

ಆ ಕಾಲದಲ್ಲಿ ನೀರಾ ಕಾಲುವೆಯ ಪ್ರದೇಶದಲ್ಲಿ ಒಂದು ಅನ್ಯಾಯವು ನಡೆದಿತ್ತು. ಕಾಲುವೆಯ ಮೇಲ್ಭಾಗದ ರೈತರು ಮಿತಿಯಿಲ್ಲದೆ ನೀರು ಹಾಯಿಸುವರು. ಅವರ ಹೊಲಗಳು ಜವುಗುಗಟ್ಟುವುವು. ಕೆಳಭಾಗದ ರೈತರಿಗಾದರೋ ನೀರೇ ತಲುಪದು. ವಿಶ್ವೇಶ್ವರಯ್ಯನವರು ‘ಬ್ಲಾಕ್ ಪದ್ಧತಿ’ಯನ್ನು ರೂಪಿಸಿದರು. ಕಾಲುವೆಯ ಉದ್ದಕ್ಕೂ ಇದ್ದ ಹಳ್ಳಿಗಳಲ್ಲಿ ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಬೆಳೆಗಳನ್ನು ಸರದಿಯಂತೆ ಬದಲಿಸುತ್ತ, ಹೆಚ್ಚು ಜನರಿಗೆ ನೀರು ದೊರಕುವಂತೆ ಮಾಡುವುದು ಅದರ ಉದ್ದೇಶ. ರೈತರು ಮೊದಲು ಶಂಕಿಸಿದರು. ಅವರಿಗೆ ತಿಳಿಯಹೇಳಿ ಒಪ್ಪಿಸಿದ ಮೇಲೆಯೇ ಯೋಜನೆಯು ಕೈಗೂಡಿತು.

ಇದಕ್ಕಿಂತಲೂ ದೊಡ್ಡ ವ್ಯಾಜ್ಯವು ಅವರಿಗಾಗಿ ಮೈಸೂರಿನಲ್ಲಿ ಕಾದಿತ್ತು. 1909ರಲ್ಲಿ ಅವರು ಅಲ್ಲಿ ಮುಖ್ಯ ಇಂಜಿನಿಯರರಾದರು, 1912ರಲ್ಲಿ ದಿವಾನರಾದರು. ಕಾವೇರಿಯು ಮೈಸೂರಿಗೂ ಮದರಾಸಿಗೂ ತಾಯಿ. ತಂಜಾವೂರಿನ ಗದ್ದೆಗಳು ಶತಮಾನಗಳಿಂದ ಆಕೆಯನ್ನೇ ನಂಬಿದ್ದವು. ಮೈಸೂರಿನ ಮಂಡ್ಯ ಸೀಮೆಯಾದರೋ ಮಳೆಗಾಗಿ ಬಾಯಿತೆರೆದು ಕುಳಿತಿತ್ತು. ಮದರಾಸಿನ ಸಮ್ಮತಿಯಿಲ್ಲದೆ ಮೈಸೂರು ಹೊಸ ಜಲಾಶಯಗಳನ್ನು ಕಟ್ಟಲಾಗದೆಂದು 1892ರ ಒಪ್ಪಂದವು ವಿಧಿಸಿತ್ತು. ಕನ್ನಂಬಾಡಿಯಲ್ಲಿ ಎರಡು ಹಂತಗಳಲ್ಲಿ ದೊಡ್ಡ ಅಣೆಕಟ್ಟೆಯನ್ನು ಕಟ್ಟುವ ಯೋಜನೆಗೆ ಮದರಾಸು ಒಪ್ಪಲಿಲ್ಲ. 1911ರಲ್ಲಿ ಚಿಕ್ಕ ಕಟ್ಟೆಗೆ ಮಾತ್ರ ಅನುಮತಿ ದೊರೆಯಿತು. ಆದರೆ ಮೈಸೂರು ಮುಂದಿನ ದೊಡ್ಡ ಕಟ್ಟೆಗೆ ತಕ್ಕಂತೆಯೇ ಅಡಿಪಾಯವನ್ನು ಹಾಕಿತು. ಇದರಿಂದ ಕೆಳಗಿನವರ ಶಂಕೆಯು ಹೆಚ್ಚಿತೆಂಬುದನ್ನೂ ನಾವು ಮರೆಯಲಾಗದು. ವಿಶ್ವೇಶ್ವರಯ್ಯನವರು ಈ ವ್ಯಾಜ್ಯದಲ್ಲಿ ತೀರ್ಪುಗಾರರಲ್ಲ, ಒಂದು ಪಕ್ಷದ ನಿಷ್ಠಾವಂತ ಸೇವಕರು.

ಮಧ್ಯಸ್ಥರಾದ ಗ್ರಿಫಿನ್ ಅವರು 1914ರಲ್ಲಿ ಬಹುಮಟ್ಟಿಗೆ ಮೈಸೂರಿಗೆ ಅನುಕೂಲವಾದ ತೀರ್ಪನ್ನು ಕೊಟ್ಟರು. ಮದರಾಸು ಮೇಲ್ಮನವಿ ಮಾಡಿದುದರಿಂದ ಅದು ನಿಲ್ಲಲಿಲ್ಲ. ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟ ಕೆಲವು ವರ್ಷಗಳ ನಂತರ, 1924ರಲ್ಲಿ, ಉಭಯರೂ ರಾಜಿಯಾದರು. ಕನ್ನಂಬಾಡಿಯಲ್ಲಿ 44.8 ಶತಕೋಟಿ ಘನ ಅಡಿ ನೀರನ್ನು ಸಂಗ್ರಹಿಸಲು ಮೈಸೂರಿಗೆ ಅವಕಾಶವಾಯಿತು. ಮದರಾಸು ಮೆಟ್ಟೂರಿನಲ್ಲಿ 93.5 ಶತಕೋಟಿ ಘನ ಅಡಿಯ ಜಲಾಶಯವನ್ನು ಕಟ್ಟಿ 1934ರಲ್ಲಿ ಮುಗಿಸಿತು. ಹೊಳೆಯಲ್ಲಿ ಎಷ್ಟು ನೀರು ಹರಿದರೆ ಎಷ್ಟನ್ನು ತಡೆಯಬಹುದೆಂಬುದನ್ನು ಅಳತೆಯಿಂದಲೇ ಗೊತ್ತುಪಡಿಸಲಾಯಿತು. ಕೂಗಾಟವು ಸಾಧಿಸದುದನ್ನು ಅಳತೆಗೋಲು ಸಾಧಿಸಿತು.

1955ರಲ್ಲಿ ಭಾರತರತ್ನರಾದ ಈ ಮಹನೀಯರು 1962ರಲ್ಲಿ, ಶತಾಯುಷಿಗಳಾಗಿ, ಕಾಲವಶರಾದರು. ಜಗಳವು ಮಾತ್ರ ಅವರೊಡನೆ ಮುಗಿಯಲಿಲ್ಲ. 1991ರಲ್ಲಿಯೂ 2016ರಲ್ಲಿಯೂ ಬೆಂಗಳೂರಿನ ಬೀದಿಗಳಲ್ಲಿ ಗಲಭೆಗಳಾದುವು. ಮಳೆ ಕಡಮೆಯಾದ ವರ್ಷದಲ್ಲಿ ಕೊರತೆಯನ್ನೂ ಪಾಲಿಗೆ ತಕ್ಕಂತೆ ಹಂಚಿಕೊಳ್ಳಬೇಕೆಂದು ನ್ಯಾಯಮಂಡಳಿಯು 2007ರಲ್ಲಿ ವಿಧಿಸಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದಿತು.

ಸಮೃದ್ಧಿಯನ್ನು ಹಂಚಿಕೊಳ್ಳುವುದು ಸುಲಭ, ಕೊರತೆಯನ್ನು ಹಂಚಿಕೊಳ್ಳುವುದು ಕಠಿಣ. ಮರಾಠಿ, ತಮಿಳು, ತೆಲುಗು ಮಕ್ಕಳೊಡನೆ ಒಂದೇ ನಗರದ ನೀರನ್ನು ಕುಡಿದು ಬೆಳೆಯುವ ನಾವು ಈ ಪಾಠವನ್ನು ಇತರರಿಗಿಂತ ಮೊದಲು ಕಲಿಯಬಲ್ಲೆವು. ಮೇಲಿನ ಹೊಲದವನು ಕೆಳಗಿನ ಹೊಲದವನನ್ನು ನೆನೆದಾಗಲೇ ಕಾಲುವೆಯು ಕೊನೆಯ ಹಳ್ಳಿಯನ್ನು ಮುಟ್ಟುತ್ತದೆ.