ರಾಶಿ (ಎಂ. ಶಿವರಾಂ)

ಡಾ. ಎಂ. ಶಿವರಾಂ (೧೯೦೫–೧೯೮೪) ಕನ್ನಡದ ಹಾಸ್ಯಲೇಖಕರು, ವೈದ್ಯರು ಮತ್ತು ‘ಕೊರವಂಜಿ’ ಮಾಸಪತ್ರಿಕೆಯ ಸ್ಥಾಪಕ ಸಂಪಾದಕರು. ‘ರಾಶಿ’ ಎಂಬುದು ಇವರ ಕಾವ್ಯನಾಮ. ಕನ್ನಡ ಪತ್ರಿಕೋದ್ಯಮದಲ್ಲಿ ವಿಡಂಬನೆಗೆ ಗೌರವದ ಸ್ಥಾನವನ್ನು ದೊರಕಿಸಿಕೊಟ್ಟವರಲ್ಲಿ ಇವರು ಪ್ರಮುಖರು.

ವೃತ್ತಿ

ಶಿವರಾಂ ಬೆಂಗಳೂರಿನಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದರು. ಮನಃಶಾಸ್ತ್ರದಲ್ಲಿ ಇವರಿಗೆ ವಿಶೇಷ ಆಸಕ್ತಿಯಿತ್ತು. ಪತ್ರಿಕೆಯನ್ನು ಕೈಗೆತ್ತಿಕೊಂಡ ಮೇಲೂ ವೈದ್ಯವೃತ್ತಿಯನ್ನು ಬಿಡಲಿಲ್ಲ.

ಕೊರವಂಜಿ

೧೯೪೨ರಲ್ಲಿ ‘ಕೊರವಂಜಿ’ ಆರಂಭವಾಯಿತು. ಮನೆಮನೆಗೆ ಹೋಗಿ ಕಣಿ ಹೇಳುವ ಕೊರವಂಜಿಯ ಹೆಸರನ್ನೇ ಪತ್ರಿಕೆಗೆ ಇಡಲಾಗಿತ್ತು. ಎದುರಿನವರು ಯಾರೇ ಆಗಿರಲಿ, ಅವರ ಕೈ ನೋಡಿ ಇದ್ದದ್ದನ್ನು ಹೇಳುವವಳು ಅವಳು. ವಿಡಂಬನೆಯ ಪತ್ರಿಕೆಗೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ. ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಚಳವಳಿ ಆರಂಭವಾಯಿತು. ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಪತ್ರಿಕೆಗಳ ಮೇಲೆ ನಿರ್ಬಂಧವಿದ್ದು, ಕಾಗದದ ಅಭಾವವೂ ಇತ್ತು. ಹಾಸ್ಯಪತ್ರಿಕೆಯೊಂದನ್ನು ಹೊರಡಿಸಲು ಅದು ಅನುಕೂಲದ ಕಾಲವಾಗಿರಲಿಲ್ಲ. ಆದರೂ ಪತ್ರಿಕೆ ೧೯೬೭ರವರೆಗೆ, ಇಪ್ಪತ್ತೈದು ವರ್ಷ ನಡೆಯಿತು. ಕೇಶವ ಶಂಕರ ಪಿಳ್ಳೆಯವರ ‘ಶಂಕರ್ಸ್ ವೀಕ್ಲಿ’ ದೆಹಲಿಯಲ್ಲಿ ಆರಂಭವಾದದ್ದು ೧೯೪೮ರಲ್ಲಿ. ಅಂದರೆ ‘ಕೊರವಂಜಿ’ ಅದಕ್ಕಿಂತ ಆರು ವರ್ಷ ಹಿರಿಯದು.

ಕನ್ನಡಕ್ಕೆ ಹಾಸ್ಯ ಹೊಸದೇನೂ ಆಗಿರಲಿಲ್ಲ. ಟಿ. ಪಿ. ಕೈಲಾಸಂ ಅವರ ನಾಟಕಗಳೂ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಪ್ರಬಂಧಗಳೂ ಆಗಲೇ ಜನಪ್ರಿಯವಾಗಿದ್ದವು. ಆದರೆ ಆಯಾ ತಿಂಗಳ ವಿದ್ಯಮಾನಗಳಿಗೆ ಹಾಸ್ಯದಿಂದಲೇ ಪ್ರತಿಕ್ರಿಯಿಸುವ ಲೇಖಕರ ಬಳಗವೊಂದು ಬೆಳೆದದ್ದು ‘ಕೊರವಂಜಿ’ಯ ಸುತ್ತ. ನಾ. ಕಸ್ತೂರಿ, ಅ. ರಾ. ಸೇ., ನಾಡಿಗೇರ ಕೃಷ್ಣರಾಯ, ದಾಶರಥಿ ದೀಕ್ಷಿತ್ ಮೊದಲಾದವರು ಇದರಲ್ಲಿ ಬರೆದರು. ಹಾಸ್ಯ ಗಂಡಸರದೇ ಕ್ಷೇತ್ರವೆಂಬ ನಂಬಿಕೆ ಬಲವಾಗಿದ್ದ ಕಾಲದಲ್ಲಿ ಟಿ. ಸುನಂದಮ್ಮನವರ ಬರಹಗಳಿಗೂ ಇದು ವೇದಿಕೆಯಾಯಿತು.

ಸುದ್ದಿಪತ್ರಿಕೆಗಳ ದೃಷ್ಟಿಯಿಂದ ನೋಡಿದರೆ ಪತ್ರಿಕೆಯ ವ್ಯಂಗ್ಯಚಿತ್ರಗಳ ಪಾತ್ರ ಇನ್ನೂ ದೊಡ್ಡದು. ಮೈಸೂರಿನ ಆರ್. ಕೆ. ಲಕ್ಷ್ಮಣ್ ಅವರ ಆರಂಭದ ಚಿತ್ರಗಳು ‘ಕೊರವಂಜಿ’ಯಲ್ಲಿ ಪ್ರಕಟವಾದವು. ಮುಂದೆ ಅವರು ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’ ಸೇರಿದರು. ೧೯೫೧ರಲ್ಲಿ ಅಲ್ಲಿ ಆರಂಭವಾದ ‘ಯೂ ಸೆಡ್ ಇಟ್’ ವ್ಯಂಗ್ಯಚಿತ್ರದ ಮೂಲಕ ‘ಶ್ರೀಸಾಮಾನ್ಯ’ನು ಮುಖಪುಟದ ಸುದ್ದಿಯ ಪಕ್ಕದಲ್ಲಿಯೇ ದಶಕಗಳ ಕಾಲ ನಿಂತ. ವೈದ್ಯರೊಬ್ಬರು ಬಿಡುವಿನಲ್ಲಿ ನಡೆಸಿದ ಮಾಸಪತ್ರಿಕೆಯ ಪಾಲು ಇದರಲ್ಲಿ ಇದೆಯೆಂಬುದು ಕರ್ನಾಟಕದ ಹೊರಗೆ ಅಷ್ಟಾಗಿ ತಿಳಿದಿಲ್ಲ.

ಇತರ ಬರಹ

ರಾಶಿಯವರು ಹಾಸ್ಯವಲ್ಲದೆ ಮನೋವಿಜ್ಞಾನದ ಬಗೆಗೂ ಬರೆದರು. ‘ಮನಮಂಥನ’ ಅಂಥ ಕೃತಿ. ೧೯೭೬ರಲ್ಲಿ ಇವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿತು. ‘ಕೊರವಂಜಿ’ ನಿಂತು ಹದಿನಾರು ವರ್ಷಗಳಾದ ಮೇಲೆ, ೧೯೮೩ರಲ್ಲಿ, ಅದೇ ಪರಂಪರೆಯ ‘ಅಪರಂಜಿ’ ಮಾಸಪತ್ರಿಕೆ ಬೆಂಗಳೂರಿನಿಂದ ಹೊರಟಿತು. ಮರುವರ್ಷ ರಾಶಿಯವರು ನಿಧನರಾದರು.