ಸರ್ ನಾರಾಯಣ ಗಣೇಶ ಚಂದಾವರಕರರು

ಭಟ್ಕಳ, ಹೊನ್ನಾವರ, ಕುಮಟೆಗಳ ಮನೆಗಳಿಂದ ನಮ್ಮ ಶಾಲೆಗೆ ಬರುವ ಬಾಲಿಕೆಯರಲ್ಲಿ ಚಂದಾವರದ ಹೆಸರನ್ನು ಕೇಳದವರು ವಿರಳ. ಆ ಗ್ರಾಮದ ಹೆಸರನ್ನೇ ಮನೆತನದ ಹೆಸರಾಗಿ ಧರಿಸಿ, ಮುಂಬಯಿ ಹೈಕೋರ್ಟಿನ ನ್ಯಾಯಪೀಠವನ್ನೇರಿದ ಮಹನೀಯರೊಬ್ಬರ ಚರಿತ್ರವನ್ನು ಈ ಸ್ಮರಣ ಸಂಚಿಕೆಯಲ್ಲಿ ಸಂಕ್ಷೇಪವಾಗಿ ಹೇಳಬಯಸುತ್ತೇವೆ.

ನಾರಾಯಣ ಗಣೇಶ ಚಂದಾವರಕರರು ೧೮೫೫ನೆಯ ಇಸವಿಯ ದಶಂಬರ ೨ರಂದು ಹೊನ್ನಾವರದಲ್ಲಿ ಜನಿಸಿದರು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಕೆಲಕಾಲ ದಕ್ಷಿಣಾ ಫೆಲೋ ಆಗಿದ್ದು, ೧೮೮೧ರಲ್ಲಿ ಕಾಯಿದೆಯ ಪದವಿಯನ್ನು ಪಡೆದು ವಕೀಲಿಯನ್ನು ಕೈಕೊಂಡರು. ‘ಇಂದುಪ್ರಕಾಶ’ ಪತ್ರಿಕೆಯ ಇಂಗ್ಲಿಷ್ ಭಾಗದ ಸಂಪಾದಕರೂ ಆಗಿದ್ದರು.

೧೮೮೫ರಲ್ಲಿ ಇಂಗ್ಲಂಡದ ಪಾರ್ಲಿಮೆಂಟಿನ ಚುನಾವಣೆಯು ಸಮೀಪಿಸಿದಾಗ, ಹಿಂದುಸ್ಥಾನದ ಅಹವಾಲನ್ನು ಅಲ್ಲಿಯ ಜನರಿಗೆ ತಿಳಿಸುವುದಕ್ಕಾಗಿ ಮೂವರನ್ನು ಕಳುಹಿಸಲಾಯಿತು. ಮುಂಬಯಿಯಿಂದ ನಮ್ಮ ಚಂದಾವರಕರರು. ಮದ್ರಾಸಿನಿಂದ ಸೇಲಂ ರಾಮಸ್ವಾಮಿ ಮುದಲಿಯಾರರು. ಕಲಕತ್ತೆಯಿಂದ ಬಾರಿಸ್ಟರ್ ಮನಮೋಹನ ಘೋಷರು. ಈ ಘೋಷರು ನಿರಪರಾಧಿಗಳ ಬಂಧುವೆಂದು ಹೆಸರಾದವರು. ನದಿಯಾ ಜಿಲ್ಲೆಯ ಬಡ ಚೌಕೀದಾರನೊಬ್ಬನು ಸ್ವಂತ ಮಗಳನ್ನೇ ಕೊಂದನೆಂದು ಮರಣದಂಡನೆಗೆ ಗುರಿಯಾಗಿದ್ದಾಗ, ಅವನ ಪರವಾಗಿ ಹೋರಾಡಿ ಬಿಡಿಸಿದವರು ಅವರೇ. ಅಪರಾಧಿಯನ್ನು ಹಿಡಿಸುವ ಅಧಿಕಾರಿಯೇ ತೀರ್ಪನ್ನೂ ಹೇಳುವುದು ಸಲ್ಲದೆಂದು ಅವರು ೧೮೯೬ರಲ್ಲಿ ಮರಣ ಹೊಂದುವವರೆಗೆ ವಾದಿಸಿದರು. ನಮ್ಮ ಜಿಲ್ಲೆಯಲ್ಲಿಯೂ ಆಗ ಕಲೆಕ್ಟರರೇ ಜಿಲ್ಲಾ ಮ್ಯಾಜಿಸ್ಟ್ರೇಟರು. ತಾಲೂಕಿನಲ್ಲಿ ಕಂದಾಯವನ್ನು ಎತ್ತುವ ಮಾಮಲೇದಾರರೂ ಮ್ಯಾಜಿಸ್ಟ್ರೇಟರೇ. ಈ ಎರಡು ಅಧಿಕಾರಗಳನ್ನು ಬೇರ್ಪಡಿಸುವ ಕಾನೂನು ಮುಂಬಯಿ ರಾಜ್ಯದಲ್ಲಿ ಆದದ್ದು ೧೯೫೧ರಲ್ಲಿ.

ಚಂದಾವರಕರರು ೧೯೦೦ರಲ್ಲಿ ಲಾಹೋರದ ರಾಷ್ಟ್ರೀಯ ಸಭೆಯ ಅಧ್ಯಕ್ಷರಾದರು. ಮರುವರ್ಷ ಹೈಕೋರ್ಟಿನ ನ್ಯಾಯಾಧೀಶರಾದರು. ೧೯೦೬ರಲ್ಲಿ ಜಮಖಂಡಿಯ ವಿಠ್ಠಲ ರಾಮಜಿ ಶಿಂದೆಯವರು ಅಸ್ಪೃಶ್ಯರೆನಿಸಿದವರ ಉದ್ಧಾರಕ್ಕಾಗಿ ಸ್ಥಾಪಿಸಿದ ಸಂಸ್ಥೆಗೆ ಇವರೇ ಅಧ್ಯಕ್ಷರು. ೧೯೧೦ರಲ್ಲಿ ಸರ್ ಪದವಿಯು ಲಭಿಸಿತು.

ಇಷ್ಟನ್ನೇ ಹೇಳಿ ಮುಗಿಸಿದರೆ ಚರಿತ್ರವು ಅಪೂರ್ಣವಾದೀತು. ಅದೇ ೧೯೧೦ರಲ್ಲಿ ಪುಣೆಯ ತಾಯಿ ಮಹಾರಾಜರ ದತ್ತಕದ ವ್ಯಾಜ್ಯದಲ್ಲಿ ಇವರೂ ಇನ್ನೊಬ್ಬ ನ್ಯಾಯಾಧೀಶರೂ ಲೋಕಮಾನ್ಯ ಟಿಳಕರಿಗೆ ವಿರುದ್ಧವಾಗಿ ತೀರ್ಪು ಕೊಟ್ಟರು. ಟಿಳಕರು ಆಗ ಮಂಡಾಲೆಯ ಸೆರೆಯಲ್ಲಿದ್ದರು. ಆ ತೀರ್ಪಿನಿಂದ ಅವರ ಪ್ರಾಮಾಣಿಕತೆಗೇ ಕಳಂಕ ತಟ್ಟಿತು. ಐದು ವರ್ಷಗಳ ಮೇಲೆ, ೧೯೧೫ರಲ್ಲಿ, ಲಂಡನ್ನಿನ ಪ್ರಿವಿ ಕೌನ್ಸಿಲು ಅದನ್ನು ರದ್ದುಪಡಿಸಿತು. ಮತ್ತೆ ೧೯೧೮ರಲ್ಲಿ ಬಂಗಾಳದಲ್ಲಿ ವಿಚಾರಣೆಯಿಲ್ಲದೆ ಬಂಧನದಲ್ಲಿದ್ದವರ ಸಂಗತಿಯನ್ನು ನ್ಯಾಯಮೂರ್ತಿ ಬೀಚ್‌ಕ್ರಾಫ್ಟರೊಡನೆ ಇವರು ಪರಿಶೀಲಿಸಿದರು. ಬಂಧಿತರ ಪಕ್ಷದಲ್ಲಿ ವಕೀಲರಿರಲಿಲ್ಲ. ಸಾಕ್ಷಿಗಳ ಪಾಟೀಸವಾಲು ಇರಲಿಲ್ಲ. ೮೦೬ ಪ್ರಕರಣಗಳಲ್ಲಿ ಬಿಡುಗಡೆಗೆ ಶಿಫಾರಸು ಹೊಂದಿದವರು ೬ ಮಂದಿ ಮಾತ್ರ. ಬಾರಿಸ್ಟರ್ ಘೋಷರೊಡನೆ ಸಮುದ್ರಯಾನ ಮಾಡಿದ್ದ ಮಹನೀಯರಿಂದ ಇಂಥದು ಆಯಿತಲ್ಲಾ ಎಂದು ನಮಗೆ ವ್ಯಥೆಯಾಗುತ್ತದೆ.

ಆದರೂ ೧೯೨೦ರಲ್ಲಿ, ಜಲಿಯನ್‌ವಾಲಾ ಬಾಗದ ಹತ್ಯೆಯ ಕುರಿತು ಹಂಟರ್ ಸಮಿತಿಯ ವರದಿಯು ಹೊರಬಿದ್ದಾಗ, ಅದನ್ನು ಪ್ರತಿಭಟಿಸಿ ಮುಂಬಯಿಯಲ್ಲಿ ಕೂಡಿದ ಸಭೆಗೆ ಅಧ್ಯಕ್ಷರಾದವರೂ ಇವರೇ. ೧೯೨೧ರಿಂದ ಮುಂಬಯಿ ಕಾಯಿದೆ ಮಂಡಲದ ಅಧ್ಯಕ್ಷತೆಯನ್ನು ವಹಿಸಿ, ೧೯೨೩ರ ಮೇ ೧೪ರಂದು ಬೆಂಗಳೂರಿನಲ್ಲಿ ದೇಹವಿಟ್ಟರು.

ಊರಿನ ಹಿರಿಯರ ತಪ್ಪನ್ನು ಎತ್ತಿ ಆಡುವುದು ನಮ್ಮ ಉದ್ದೇಶವಲ್ಲ. ವಿದ್ಯಾವಂತರೂ ಸಜ್ಜನರೂ ಆದವರ ತೀರ್ಪಿನಲ್ಲಿಯೂ ತಪ್ಪು ನುಸುಳಬಹುದು. ಆದ ಕಾರಣವೇ ಅಪೀಲು ಬೇಕು, ವಕೀಲರು ಬೇಕು, ಎದುರು ಪಕ್ಷದ ಮಾತಿಗೆ ಕಿವಿಗೊಡುವ ಸಹನೆ ಬೇಕು. ಒಮ್ಮೆ ಕಾಣೆಯಾದ ಪುಸ್ತಕವೊಂದಕ್ಕಾಗಿ ನಾವು ಓರ್ವ ಬಾಲಿಕೆಯನ್ನು ವಿಚಾರಿಸದೆಯೇ ಗದರಿಸಿದೆವು. ಮರುದಿನ ಆ ಪುಸ್ತಕವು ನಮ್ಮ ಮೇಜಿನ ಖಾನೆಯಲ್ಲಿಯೇ ದೊರೆಯಿತು. ವರ್ಗದ ಎದುರಿನಲ್ಲಿ ಗದರಿಸಿದ್ದೆವಾದುದರಿಂದ ವರ್ಗದ ಎದುರಿನಲ್ಲಿಯೇ ಆಕೆಯ ಕ್ಷಮೆಯನ್ನು ಬೇಡಿದೆವು. ವಿದ್ಯಾರ್ಥಿನಿಯರೇ, ನೀವು ಮುಂದೆ ಮನೆಯನ್ನಾಳಿದರೂ, ಶಾಲೆಯನ್ನು ನಡೆಸಿದರೂ, ನ್ಯಾಯಪೀಠವನ್ನೇ ಏರಿದರೂ, ಕೇಳದೆ ಯಾರನ್ನೂ ದಂಡಿಸಬೇಡಿರಿ. ತಪ್ಪಿದಿರೆಂದು ತಿಳಿದೊಡನೆ ತಿದ್ದಿಕೊಳ್ಳಲು ನಾಚಬೇಡಿರಿ.